ಕೆಂಪು ಚುಕ್ಕೆಯ ತೋಟೆ

ಎಲ್ಡನ್ ಹೌಗೆನ್ ಬಗ್ಗೆ ನಮ್ಮೂರ ಕಾಫಿ ಅಂಗಡಿಯಲ್ಲಿ ಈಗ ಬಾಯಿಗೆ ಬಂದಂತೆ ಮಾತಾಡುತ್ತಾರೆ. ಮಾತಾಡಲಿ. ಹಾಗೆ ಮಾತಾಡುವವರಲ್ಲಿ ಅರ್ಧ ಜನರ ಮಕ್ಕಳು ತಮ್ಮ ಮೊದಲ ಎಲ್ಕನ್ನು, ನಮ್ಮ ಬೆಟ್ಟಗಳ ಆ ದೊಡ್ಡ ಕಡವೆಯನ್ನು, ಹೊಡೆದದ್ದು ಅವನು ಮದ್ದು ಗುಂಡು ತುಂಬಿಕೊಟ್ಟ ತೋಟೆಯಿಂದಲೇ. ಆ ಎಲ್ಕುಗಳನ್ನು ಕೊಯ್ದು ಪೊಟ್ಟಣ ಕಟ್ಟಿಕೊಟ್ಟವಳು ನಾನು. ಈ ಕಣಿವೆಯಲ್ಲಿ ಬೇಟೆಯ ಮಾಂಸ ಕೊಯ್ಯುವುದೇ ನನ್ನ ಕಸುಬು. ಯಾರ ಗುಂಡು ಎಲ್ಲಿ ಹೊಕ್ಕಿತು, ಎಲ್ಲಿ ನಿಂತಿತು, ಪ್ರಾಣಿ ನಿಂತಲ್ಲೇ ಬಿತ್ತೋ ನರಳಿ ನರಳಿ ಸತ್ತಿತೋ ಎಂಬುದು ನನ್ನ ಚಾಕುವಿಗೆ ಗೊತ್ತಾದಷ್ಟು ಕಾಫಿ ಅಂಗಡಿಯ ನಾಲಿಗೆಗಳಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅವನ ವಿಷಯ ಹೇಳುವುದಾದರೆ ನಾನೇ ಹೇಳಬೇಕು.

ಎಲ್ಡನ್ ನನ್ನ ಪಕ್ಕದ ಮನೆಯವನು. ಹುಟ್ಟಿದ್ದು, ಮದುವೆಯಾದದ್ದು, ಹೆಂಡತಿಯನ್ನು ಮಣ್ಣು ಮಾಡಿದ್ದು ಎಲ್ಲ ಮೊಂಟಾನಾದ ಬೆಟ್ಟಗಳ ಬುಡದ ಈ ವಿಲ್ಲೋ ಫೋರ್ಕ್‌ನಲ್ಲಿಯೇ. ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿದ. ಮಕ್ಕಳು ಗಲಾಟೆ ಮಾಡಿದರೆ ಬೈಯುತ್ತಿರಲಿಲ್ಲ. ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ, ಕೈಕಟ್ಟಿಕೊಂಡು, ಹಿಮ ಬೀಳುವುದನ್ನು ನೋಡುತ್ತ ಕೂರುತ್ತಿದ್ದ. ಹಿಂದೆ ಒಬ್ಬೊಬ್ಬರಾಗಿ ಸುಮ್ಮನಾಗುತ್ತಿದ್ದರು. ಅಂಥ ಮನುಷ್ಯ. ಅವನ ಬಲ ಹುಬ್ಬಿನ ಮೇಲೆ ಎಳೆ ಚಂದ್ರನಂತೆ ಬಾಗಿದ ಹಳೇ ಗಾಯದ ಗುರುತೊಂದಿತ್ತು.

ಆ ಗುರುತು ಅವನಿಗೆ ಅವನಪ್ಪ ಟೊರ್ವಾಲ್ಡ್ ಕೊಟ್ಟ ಕಾಣಿಕೆ. ಎಲ್ಡನ್‌ಗೆ ಹನ್ನೆರಡು ತುಂಬಿದ ವರ್ಷ ಆ ಮಹಾನುಭಾವ ತನ್ನದೇ ದೊಡ್ಡ ಕೋವಿಯನ್ನು ಹುಡುಗನ ಹೆಗಲಿಗೇರಿಸಿ, “ಎಲ್ಕು ಮೊಲ ಅಲ್ಲ. ಗಂಡು ಮಗ ಆದ್ರೆ ತಡ್ಕೋ” ಎಂದನಂತೆ. ಕೋವಿ ಒದ್ದ ಒದೆತಕ್ಕೆ ಮೇಲಿನ ದುರ್ಬೀನಿನ ಅಂಚು ಹುಬ್ಬನ್ನು ಮೂಳೆಯವರೆಗೆ ಸೀಳಿತು. ಎಲ್ಕು ಸತ್ತಿತು, ನಿಜ. ಆದರೆ ಅಂದಿನಿಂದ ಎಲ್ಡನ್‌ಗೆ ಟ್ರಿಗರ್ ಎಳೆಯುವ ಗಳಿಗೆಯಲ್ಲಿ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಬೆಚ್ಚುವುದು ಎಂದರೆ ಅದು. ಒಮ್ಮೆ ಮೈಗೆ ಹತ್ತಿದರೆ ಬಿಡುವ ರೋಗವಲ್ಲ. ಎಷ್ಟು ಬುದ್ಧಿ ಹೇಳಿಕೊಂಡರೂ ಹೆಗಲು ಕೇಳುವುದಿಲ್ಲ, ಕಣ್ಣು ಕೇಳುವುದಿಲ್ಲ. ಅವನು ಹೊಡೆದು ತಂದ ಎಲ್ಕುಗಳನ್ನು ನಾನು ಕೊಯ್ದಿದ್ದೇನಲ್ಲ. ಒಂದಕ್ಕೆ ತೊಡೆಯಲ್ಲಿ ಗುಂಡು, ಇನ್ನೊಂದಕ್ಕೆ ದವಡೆಯಲ್ಲಿ. ನಾಚಿಕೆಯಿಂದ ಅವನು ನಾನು ಮಾಂಸ ಕೊಯ್ಯುವ ಕೊಟ್ಟಿಗೆಯ ಬಾಗಿಲಲ್ಲೇ ನಿಲ್ಲುತ್ತಿದ್ದ. ಕೊನೆಗೆ ಕೋವಿ ಹಿಡಿಯುವುದನ್ನೇ ಬಿಟ್ಟ.

ಅದೂ ಹೋಗಲಿ ಎನ್ನಬಹುದಿತ್ತು. ಅವನ ಮಗಳು ಕಾರ್ಲೀನ್‌ಗೆ ಹನ್ನೆರಡಾದಾಗ ಅದೇ ಟೊರ್ವಾಲ್ಡ್, ಅದೇ ಕೋವಿ, ಅದೇ ‘ಎಲ್ಕು ಮೊಲ ಅಲ್ಲ’ ಎಂಬ ಮಾತು. ಎಲ್ಡನ್ ಅಪ್ಪನೆದುರು ತುಟಿ ಪಿಟ್ಟೆನ್ನಲಿಲ್ಲ. ಹುಡುಗಿ ಒಂದು ಈಡು ಹೊಡೆದಳು, ಕೋವಿಯನ್ನು ಹಿಮದ ಮೇಲೆ ಮಲಗಿಸಿದಳು, ಅಳುತ್ತ ಮನೆಗೆ ನಡೆದಳು. ಮತ್ತೆ ಮುಟ್ಟಲಿಲ್ಲ. ಆ ಚಳಿಗಾಲವೇ ಎಲ್ಡನ್ ತನ್ನ ಗ್ಯಾರೇಜಿನಲ್ಲಿ ಮೇಜು ಹಾಕಿಕೊಂಡು ಮಕ್ಕಳಿಗಾಗಿ ತೋಟೆ ತುಂಬಲು ಕೂತದ್ದು.

ಅವನ ಕ್ರಮ ಹೀಗೆ. ಬೇಟೆ ಶುರುವಾಗುವ ಮುಂಚೆ ಅಪ್ಪ ಅಮ್ಮ ಮಗುವನ್ನೂ ಕೋವಿಯನ್ನೂ ಕರೆತರುತ್ತಿದ್ದರು. ಎಲ್ಡನ್ ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಮಗುವಿನ ಜೊತೆ ಮಾತಾಡುತ್ತಿದ್ದ. ಕೋವಿಯನ್ನು ಹೆಗಲಿಗೆ ಏರಿಸಲು ಹೇಳಿ, ತೋಳು ನೋಡಿ, ಕೋವಿಯ ಹಿಂಬದಿಯ ಮರದ ಹಿಡಿಯನ್ನು ಒಂದೆರಡು ಬೆರಳಿನಷ್ಟು ಕತ್ತರಿಸುತ್ತಿದ್ದ. ಆಮೇಲೆ ಗುಂಡಿನ ಆಯ್ಕೆ. ಹಗುರವಾಗಿರಬೇಕು, ಆದರೆ ಎಲುಬಿಗೆ ತಗುಲಿ ಚೂರಾಗದೆ ಒಳಕ್ಕೆ ಇಳಿಯಬೇಕು. ಅದಕ್ಕೆ ಪೂರಾ ತಾಮ್ರದ್ದನ್ನೇ ಆರಿಸುತ್ತಿದ್ದ. ಮದ್ದು ಕಡಿಮೆ ಹಾಕುತ್ತಿದ್ದ. ಮದ್ದು ಕಡಿಮೆಯಾದರೆ ಒದೆತ ಕಡಿಮೆ, ಒದೆತ ಕಡಿಮೆಯಾದರೆ ದೂರವೂ ಕಡಿಮೆ. “ಇನ್ನೂರು ಗಜ. ಅದರಾಚೆ ನಿಂತಿರೋ ಎಲ್ಕು ನಿಂದಲ್ಲ, ದೇವ್ರದ್ದು. ನೋಡು, ಟೋಪಿ ತೆಗಿ, ವಾಪಸ್ ಬಾ” ಎನ್ನುತ್ತಿದ್ದ. ಇಂಥ ಹಗುರ ತೋಟೆಗಳ ಹಿತ್ತಾಳೆಯ ತಳದಲ್ಲಿ ಹೆಂಡತಿ ಮಾರ್ಡೆಲ್‌ಳ ಉಗುರಿನ ಬಣ್ಣದಿಂದ ಒಂದು ಕೆಂಪು ಚುಕ್ಕೆ ಇಡುತ್ತಿದ್ದ. ದೊಡ್ಡವರಿಗೆಂದು ತುಂಬಿದ ಪೂರಾ ಮದ್ದಿನ ತೋಟೆಗೆ ಚುಕ್ಕೆ ಇಲ್ಲ; ಹಗುರ ತೋಟೆಗೆ ಹೊಂದಿಸಿದ ಕೋವಿಯಿಂದ ಅದನ್ನು ಹಾರಿಸಿದರೆ ಗುರಿಯೂ ತಪ್ಪುತ್ತದೆ. ಮಾರ್ಡೆಲ್ ಹೋದ ಮೇಲೂ ಆ ಶೀಶೆ ಮೇಜಿನ ಮೇಲೇ ಇತ್ತು.

ಆಮೇಲೆ ಮಗುವನ್ನು ಊರಾಚೆಯ ಗುರಿ ಹೊಡೆಯುವ ಬಯಲಿಗೆ ಕರೆದೊಯ್ಯುತ್ತಿದ್ದ. ಬೇರೆಯವರಾದರೆ ಗುರಿ ಹಲಗೆಯನ್ನು ನೋಡುತ್ತಾರೆ. ಎಲ್ಡನ್ ಮಗುವಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅದರ ಕಣ್ಣನ್ನೇ ನೋಡುತ್ತಿದ್ದ.

“ಹಲಗೆ ಎಲ್ಲಿಗೂ ಓಡಿಹೋಗಲ್ಲ ಲವೋನ್. ಕಣ್ಣು ಮಾತ್ರ ಆ ಒಂದ್ ಗಳಿಗೆಗೆ ಸಿಗೋದು” ಎಂದಿದ್ದ ನನಗೆ.

ಈಡು ಹಾರಿದ ಮೇಲೆ ಕಣ್ಣು ತೆರೆದೇ ಇದ್ದರೆ ಅವನು “ತೆರೆದಿತ್ತು” ಎನ್ನುತ್ತಿದ್ದ. ಅಷ್ಟೇ, ಒಂದೇ ಮಾತು. ಆ ಮಾತಿಗಾಗಿ ನಮ್ಮೂರ ಮಕ್ಕಳು ಜೀವ ಬಿಡುತ್ತಿದ್ದರು. ನನ್ನ ಕೊಟ್ಟಿಗೆಗೆ ಬಂದು, “ಎಲ್ಡನ್ ಮಾವ ನಂಗೆ ತೆರೆದಿತ್ತು ಅಂದ್ರು, ಗೊತ್ತಾ?” ಎಂದು ಎದೆಯುಬ್ಬಿಸುತ್ತಿದ್ದರು.

ಕೀಟಲೆ ಮಾಡುವವರೇನು ಕಡಿಮೆಯೇ. ಮರದ ಮಿಲ್ಲಿನ ಡುವೇನ್ ಎಂಬ ಕತ್ತೆ ಬಾಯಿಯವನೊಬ್ಬನಿದ್ದಾನೆ. ಒಮ್ಮೆ ನನ್ನ ಕೊಟ್ಟಿಗೆಯಲ್ಲೇ ಎಲ್ಲರೆದುರು, “ಏನಯ್ಯಾ ಎಲ್ಡನ್, ಎಲ್ಕಿಗೆ ಕಚಗುಳಿ ಇಡೋ ಗುಂಡು ತುಂಬ್ತಿದೀಯಂತೆ?” ಎಂದ.

ಎಲ್ಡನ್ ತಲೆಯೆತ್ತದೆ ಹೇಳಿದ: “ಹೌದಪ್ಪ. ಹೋದ ವರ್ಷ ನಿನ್ನ ಮಗಳು ಹೊಡೆದ ಎಲ್ಕು ನಕ್ಕು ನಕ್ಕೇ ಸತ್ತಿದ್ದು.”

ಕೊಟ್ಟಿಗೆಯೆಲ್ಲ ಗೊಳ್ಳೆಂದಿತು. ಡುವೇನ್‌ಗೆ ಸಿಟ್ಟು ಬಂದರೂ ತನ್ನ ಕೋವಿಗೆ ಪೂರಾ ಮದ್ದಿನ ತೋಟೆ ತುಂಬಿಸಿಕೊಳ್ಳಲು ಅವನು ಪ್ರತಿ ವರ್ಷ ಎಲ್ಡನ್ ಬಳಿಗೇ ಬರುತ್ತಿದ್ದ. ಬರದೆ ಎಲ್ಲಿಗೆ ಹೋಗುತ್ತಾನೆ?

ಊರ ಮಕ್ಕಳಿಗೆಲ್ಲ ಆದದ್ದು ಸ್ವಂತ ಮನೆಗೆ ಆಗಿರಲಿಲ್ಲ. ಅದು ಎಲ್ಡನ್ ಒಳಗೆ ಕೊರೆಯುತ್ತಿತ್ತು. ಕಾರ್ಲೀನ್ ಗಂಡನನ್ನು ಬಿಟ್ಟು, ಪಕ್ಕದ ಕಣಿವೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿ, ಮಗಳನ್ನು ರಜೆಯಲ್ಲೆಲ್ಲ ಅಪ್ಪನ ಹತ್ತಿರ ಬಿಡುತ್ತಿದ್ದಳು. ಆ ಮಗಳೇ ಬ್ರಿಟಾ. ಮುಖದ ತುಂಬ ಚುಕ್ಕಿ, ಬಾಯಿ ಮುಚ್ಚಿದ್ದು ನಾನು ಕಂಡಿಲ್ಲ. ಅಜ್ಜ ಎಂದರೆ ಪ್ರಾಣ. ಅವಳಿಗೆ ಹನ್ನೆರಡಾಗುವ ವಸಂತದಲ್ಲಿ ಎಲ್ಡನ್ ನಮ್ಮ ಜಗಲಿಯಲ್ಲಿ ಕೂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

“ನಮ್ಮನೇಲಿ ಅಪ್ಪನಿಂದ ಹಿಡಿದು ಮಗಳವರೆಗೆ ಎಲ್ಲರೂ ಕೆಟ್ಟ್ವಿ, ಲವೋನ್. ಒಬ್ಬಳಾದ್ರೂ ಕಣ್ಣು ತೆರೆದು ಈಡು ಹೊಡೆಯೋದು ನೋಡ್ಬೇಕು. ಅದೊಂದ್ ನೋಡಿದ್ರೆ ಸಾಕು ನಂಗೆ.”

“ನೋಡ್ತೀಯ ಬಿಡು, ಏನ್ ಅವಸರ?” ಎಂದೆ.

“ಅವಸರ ಇದೆ” ಎಂದ.

ಅವಸರ ಯಾಕೆಂದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಅವನ ಎರಡು ಕಣ್ಣೂ ನಡುವಿನಿಂದ ಸವೆಯುತ್ತಿದ್ದವು. ನೇರ ನೋಡಿದ್ದೆಲ್ಲ ಬೂದಿ ಬಣ್ಣದ ಮಚ್ಚೆ. ಓರೆಯಿಂದ ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು. ನಗರದ ಕಣ್ಣಿನ ಡಾಕ್ಟರು ಮದ್ದಿಲ್ಲವೆಂದು ಕೈಚೆಲ್ಲಿದ್ದರು. ಬಸ್ಸು ಬಿಟ್ಟದ್ದಕ್ಕೆ ಮಂಡಿ ನೋವು ಎಂದು ನೆಪ ಹೇಳಿದ, ನಾವು ನಂಬಿದೆವು. ಅವನು ಕೋಳಿಯ ಹಾಗೆ ತಲೆ ಓರೆ ಮಾಡಿ ನೋಡುವುದನ್ನು ಕಂಡು ನಾನೇ, “ಕುತ್ತಿಗೆ ಉಳುಕಿತೇನೋ?” ಎಂದು ಛೇಡಿಸಿದ್ದೆ. “ನಿನ್ನ ಮುಖ ನೇರವಾಗಿ ನೋಡಕ್ಕೆ ಧೈರ್ಯ ಬೇಕಲ್ಲ ಮಾರಾಯ್ತಿ” ಎಂದಿದ್ದ. ನಕ್ಕೆವು.

ಕಣ್ಣಿಲ್ಲವೆಂದು ಬಾಯಿಬಿಟ್ಟರೆ ಕಾರ್ಲೀನ್ ಮಗಳನ್ನು ಅವನ ಜೊತೆ ಕಾಡಿಗೆ ಕಳಿಸುವುದುಂಟೇ? ಹಾಗಾಗಿ ಬಾಯಿ ಬಿಡಲಿಲ್ಲ. ಬೇಸಿಗೆಯೆಲ್ಲ ಅಜ್ಜ ಮೊಮ್ಮಗಳು ಗ್ಯಾರೇಜಿನಲ್ಲಿ. “ತಕ್ಕಡಿ ಓದೋದು ಕಲಿ” ಎಂದು ಮದ್ದು ತೂಗುವ ಕೆಲಸವನ್ನು ಅವಳ ಕೈಗೇ ಕೊಟ್ಟ. ಅಂಕಿ ಅವಳು ಓದುವಳು, ಸರಿ ಎಂದು ಅವನು ತಲೆಯಾಡಿಸುವನು. ಕೆಂಪು ಚುಕ್ಕೆಗಳನ್ನು ಅವಳೇ ಅಜ್ಜಿಯ ಶೀಶೆಯಿಂದ ನಾಲಿಗೆ ಕಚ್ಚಿಕೊಂಡು ಒಂದೊಂದಾಗಿ ಇಟ್ಟಳು. ಆ ತೋಟೆಗಳಲ್ಲಿ ಯಾವ ತಪ್ಪೂ ಇರಲಿಲ್ಲ, ನಾನು ಆಣೆ ಮಾಡಿ ಹೇಳುತ್ತೇನೆ. ಬಯಲಿನಲ್ಲಿ ಅವಳು ಹೊಡೆದ ಒಂದೊಂದು ಈಡಿಗೂ ಎಲ್ಡನ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು “ತೆರೆದಿತ್ತು” ಎಂದ. ಅವಳು ಓಡಿಬಂದು ನನಗೆ ಹೇಳಿದಳು. ಹಗುರ ಒದೆತದ ಧೈರ್ಯದಲ್ಲಿ ಅವಳು ಮುಖವನ್ನು ದುರ್ಬೀನಿಗೆ ತೀರಾ ಹತ್ತಿರ ತಂದು ಗುರಿ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದಳು. ಹಿಂದಿನ ಎಲ್ಡನ್ ಆಗಿದ್ದರೆ ಅದನ್ನು ಮೊದಲ ದಿನವೇ ತಿದ್ದುತ್ತಿದ್ದ.

ನಮ್ಮಲ್ಲೊಂದು ಪದ್ಧತಿ ಇದೆ. ಮೊದಲ ಎಲ್ಕಿನ ದಿನ ಮಗು ತೋಟೆಯನ್ನು ತಾನಾಗಿ ಡಬ್ಬಿಯಿಂದ ತೆಗೆದುಕೊಳ್ಳುವುದಿಲ್ಲ. ಬೆಟ್ಟದ ಬುಡದಲ್ಲಿ, ಗಾಡಿಯಿಂದ ಇಳಿದ ಮೇಲೆ, ಮನೆಯ ಹಿರಿಯರು ಮೂರೇ ಮೂರು ತೋಟೆಗಳನ್ನು ಅಂಗೈಗೆ ಹಾಕುತ್ತಾರೆ. ಹಿಂದಿನ ದಿನ ಮಧ್ಯಾಹ್ನ ಎಲ್ಡನ್ ಮೇಜಿನ ಮುಂದೆ ನಿಂತು ಆ ಮೂರನ್ನು ಆರಿಸಿ ಜೇಬಿಗೆ ಹಾಕಿಕೊಂಡ. ಮೇಜಿನ ಮೇಲೆ ಒಂದೇ ತರದ ಎರಡು ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಒಂದು ಬ್ರಿಟಾಳದು. ಇನ್ನೊಂದು ಡುವೇನ್‌ದು, ಅವನ ಕೋವಿಯದೂ ಇವಳ ಕೋವಿಯದೂ ಒಂದೇ ಅಳತೆ. ಮೊಮ್ಮಗಳು ಪಕ್ಕದಲ್ಲೇ ಇದ್ದಳು, “ನಾನು ತೆಕ್ಕೊಡ್ಲಾ ಅಜ್ಜ?” ಎಂದಳಂತೆ. “ಇದು ಅಜ್ಜನ ಕೆಲಸ” ಎಂದನಂತೆ ಅವನು.

ಮರುದಿನ ಹೊತ್ತು ನೆತ್ತಿಗೇರುವ ಹೊತ್ತಿಗೆ ನನ್ನ ಕೊಟ್ಟಿಗೆಯ ಮುಂದೆ ಅವರ ಪಿಕಪ್ ಗಾಡಿ ನಿಂತಿತು. ಓಡಿಸುತ್ತಿದ್ದವಳು ಬ್ರಿಟಾ. ನಮ್ಮ ಕಾಡುದಾರಿಗಳಲ್ಲಿ ಮಕ್ಕಳು ಗಾಡಿ ಓಡಿಸುವುದು ಹೊಸದೇನಲ್ಲ, ಆದರೆ ಇವಳ ಅರ್ಧ ಮುಖ ರಕ್ತ. ಬಲ ಹುಬ್ಬು ಬಾಯಿಬಿಟ್ಟುಕೊಂಡಿತ್ತು. ಎಲ್ಡನ್ ಪಕ್ಕದ ಸೀಟಿನಲ್ಲಿ ಕಲ್ಲಿನಂತೆ ಕೂತಿದ್ದ, ಇಳಿಯಲಿಲ್ಲ.

“ಅಯ್ಯೋ ದೇವರೇ, ಏನಾಯ್ತೇ ಕೂಸೇ?”

“ಎಲ್ಕಿಗೆ ಹೊಟ್ಟೆಗೆ ಬಿತ್ತು ಅತ್ತೆ. ರಕ್ತ ಕಪ್ಪಗಿದೆ, ಹಸಿರು ಹಸಿರು ಹುಲ್ಲಿನ ಚೂರು ಇದೆ. ಹುಡುಕ್ಬೇಕು. ನೀನು ಬಾ ಅತ್ತೆ, ನಿಂಗೆ ಗೊತ್ತಾಗುತ್ತೆ.”

ಅವಳನ್ನು ಎಳೆದು ಒಳಗೆ ಕೂರಿಸಿದೆ. ಒಳಗೆ ಬರುವ ಮುಂಚೆ ಕೋವಿ ಖಾಲಿ ಮಾಡಬೇಕೆಂಬುದು ಅಜ್ಜ ಕಲಿಸಿದ ಶಿಸ್ತು. ಆ ಸ್ಥಿತಿಯಲ್ಲೂ ಮರೆಯಲಿಲ್ಲ. ಉಳಿದ ಎರಡು ತೋಟೆ, ಜೇಬಿನಲ್ಲಿದ್ದ ಹಾರಿದ ತೋಟೆಯ ಖಾಲಿ ಕೊಳವೆ, ಮೂರನ್ನೂ ನನ್ನ ಕೊಯ್ಯುವ ಮೇಜಿನ ಮೇಲೆ ಇಟ್ಟಳು. ನಾನು ಗಾಯ ತೊಳೆದು ಬಟ್ಟೆ ಒತ್ತಿ ಹಿಡಿದೆ. ಅವಳು ಹೇಳುತ್ತಲೇ ಹೋದಳು. ನಸುಕಿನಲ್ಲಿ ಹಿಂಡು ಹುಲ್ಲುಗಾವಲಿಗೆ ಇಳಿಯಿತಂತೆ. ಒಂದು ಹೆಣ್ಣೆಲ್ಕು ಅಡ್ಡಡ್ಡ ನಿಂತಿತಂತೆ, ಇನ್ನೂರು ಗಜಕ್ಕೆ ಎಷ್ಟೋ ಈಚೆಗೆ. ಇವಳು ಅಜ್ಜನ ಚೀಲದ ಮೇಲೆ ಕೋವಿ ಊರಿ, ಹೊಟ್ಟೆಯ ಮೇಲೆ ಮಲಗಿ, ಉಸಿರು ಬಿಟ್ಟು, ಒತ್ತಿದಳಂತೆ. ಕೋವಿ ಕುದುರೆಯ ಹಾಗೆ ಒದೆಯಿತಂತೆ.

“ಅಜ್ಜನ ತೋಟೆ ಒದೆಯಲ್ಲ ಅತ್ತೆ. ಬೇಸಿಗೇಲಿ ಒಂದ್ ಸಲಾನೂ ಒದ್ದಿಲ್ಲ. ನಾನೇ ಸರಿಯಾಗಿ ಹಿಡ್ದಿಲ್ಲ. ಬೆಚ್ಚಿಬಿಟ್ಟೆ ಅನ್ಸುತ್ತೆ. ನಂದೇ ತಪ್ಪು. ಅಜ್ಜ ಮಾತೇ ಆಡ್ತಿಲ್ಲ, ನೋಡು.”

ಆಗ ನನ್ನ ಕಣ್ಣು ಮೇಜಿನ ಮೇಲೆ ಬಿತ್ತು. ಎರಡೂ ತೋಟೆಗಳ ತಳ ಬರೀ ಹಿತ್ತಾಳೆ. ಹಾರಿದ ಕೊಳವೆಯ ತಳವೂ ಬರೀ ಹಿತ್ತಾಳೆ. ಕತ್ತಲಲ್ಲಿ, ಕೈಗವಸು ತೊಟ್ಟ ಅಂಗೈಗೆ ಬಿದ್ದದ್ದನ್ನು ಮುಟ್ಟಿ ಮುಟ್ಟಿಯೇ ಕೋವಿಗೆ ತುಂಬಿದ್ದಳು ಮಗು. ಈಗ ಕಣ್ಣಿಗೆ ರಕ್ತ ಇಳಿದು ಏನನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಮೂರನ್ನೂ ಬಾಚಿ ನನ್ನ ಏಪ್ರನ್ ಜೇಬಿಗೆ ಹಾಕಿಕೊಂಡೆ. ಮೊದಲು ಆ ಮೂಕ ಪ್ರಾಣಿ ಸಿಗಲಿ, ಉಳಿದದ್ದು ಆಮೇಲೆ ಎಂದುಕೊಂಡೆ.

ಸಿಗಲಿಲ್ಲ. ಅಂದು ಸಂಜೆಯವರೆಗೆ ರಕ್ತದ ಜಾಡು ಹಿಡಿದು ಬಿದ್ದ ಮರಗಳ ನಡುವೆ ತೆವಳಿದೆವು. ಮೊದಲು ಅಂಗೈಯಷ್ಟು ಕಲೆ, ಆಮೇಲೆ ಕಾಸಿನಷ್ಟು, ಆಮೇಲೆ ಹನಿ. ಎರಡು ಕಡೆ ಅದು ಮಲಗಿ ಎದ್ದ ಗುಂಡಿ. ಆಮೇಲೆ ಹಿಮ ಸುರಿಯತೊಡಗಿತು. ಮರುದಿನ ಡುವೇನ್ ಕೂಡ ಬಂದ. ಅವನ ಕತ್ತೆ ಬಾಯಿ ಅವತ್ತು ಮುಚ್ಚಿತ್ತು, ಅದಕ್ಕೆ ನಾನು ಅವನನ್ನು ಅರ್ಧ ಕ್ಷಮಿಸಿದೆ. ಬಿಳಿ ಹೊದಿಕೆ ಬಿಟ್ಟರೆ ಬೇರೇನೂ ಇಲ್ಲ. ಹೊಟ್ಟೆಗೆ ಗುಂಡು ಬಿದ್ದ ಎಲ್ಕು ಹೇಗೆ ಸಾಯುತ್ತದೆಂದು ನನಗೆ ಗೊತ್ತು. ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬೇಟೆಯವರ ಮನೆಯ ಮಗು ಅದು.

ಹುಡುಕಾಟ ಬಿಟ್ಟ ಜಾಗದಲ್ಲಿ ಬ್ರಿಟಾ ಒಂದು ಬಿದ್ದ ಮರದ ಮೇಲೆ ಕೂತಳು. ಜೇಬಿನಿಂದ ಎಲ್ಕಿನ ಪರವಾನಗಿ ಚೀಟಿ ತೆಗೆದಳು, ಚಾಕು ತೆಗೆದಳು, ಚೀಟಿಯ ಅಂಚಿನಲ್ಲಿ ತಿಂಗಳನ್ನೂ ತಾರೀಖನ್ನೂ ಕತ್ತರಿಸಿ ತೆಗೆದಳು. ಪ್ರಾಣಿ ಕೈಗೆ ಸಿಕ್ಕಾಗ ಮಾಡುವ ಕೆಲಸ ಅದು. ಕತ್ತರಿಸಿದರೆ ಆ ವರ್ಷದ ಬೇಟೆ ಮುಗಿಯಿತು.

“ಬೇಡ ಮಗಾ” ಎಂದ ಎಲ್ಡನ್. ಎರಡು ದಿನದಲ್ಲಿ ಅವನು ಆಡಿದ ಮೊದಲ ಮಾತು. “ಸಿಗದೇ ಇದ್ದದ್ದಕ್ಕೆ ಕಾನೂನು ಕೇಳಲ್ಲ.”

“ಕಾನೂನು ಕೇಳಲ್ಲ ಅಜ್ಜ. ರಕ್ತ ತೆಗೆದ್ರೆ ಅದು ನಿಂದೇ ಲೆಕ್ಕ ಅಂತ ನೀನೇ ಹೇಳ್ಕೊಟ್ಟಿದ್ದು.”

ನಮ್ಮಲ್ಲಿ ಮರ್ಯಾದಸ್ಥರು ಹಾಗೇ ಮಾಡುತ್ತಾರೆ. ಡುವೇನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಊರಿಗೆ ಬಂದ ಮೇಲೆ ಎಲ್ಡನ್‌ನನ್ನು ಅವನ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಏನೋ ಮರೆವಿನಿಂದ ಆದದ್ದು, ಚೆನ್ನಾಗಿ ಬೈಯಬೇಕು ಎಂದುಕೊಂಡೇ ಹೋಗಿದ್ದೆ. ಜೇಬಿನಿಂದ ಒಂದು ತೋಟೆ ತೆಗೆದು ಅವನ ಮುಖದ ಮುಂದೆ ತಳ ಮೇಲಾಗಿ ಹಿಡಿದೆ. ಮೇಲೆ ಟ್ಯೂಬ್‌ಲೈಟ್ ಝಗಝಗ ಉರಿಯುತ್ತಿತ್ತು.

“ನೋಡು. ಏನಿದೆ ಇದರ ಮೇಲೆ?”

ಅವನು ತಲೆಯನ್ನು ಓರೆ ಮಾಡಿದ. ಇನ್ನಷ್ಟು ಓರೆ ಮಾಡಿದ. ಆಮೇಲೆ ಮೆಲ್ಲಗೆ, “ಕೆಂಪು ಚುಕ್ಕೆ ಇದೆ, ಅಲ್ವಾ?” ಎಂದ.

ನಾನು ತೋಟೆ ಹಿಡಿದ ಕೈಯನ್ನು ಕೆಳಗಿಳಿಸಿದೆ.

“ಇದೆ ಅಂತ ಹೇಳು ಲವೋನ್.”

“ಇಲ್ಲ ಕಣೋ.”

ಅವನು ಕೈಯಿಂದ ತಡವಿ ಸ್ಟೂಲು ಹುಡುಕಿ ಕೂತ. “ಸದ್ದು ಕೇಳ್ದಾಗ್ಲೇ ಗೊತ್ತಾಯ್ತು. ಇಷ್ಟು ವರ್ಷ ಈಡಿನ ಸದ್ದು ಕೇಳಿದೀನಿ, ಗೊತ್ತಾಗ್ದೆ ಇರುತ್ತಾ? ಆಗಿರ್ಬಾರ್ದು, ಆಗಿರ್ಬಾರ್ದು ಅಂತ ಎರಡು ದಿನ ನಂಗೆ ನಾನೇ ಸುಳ್ಳು ಹೇಳ್ಕೊಂಡೆ.” ಆಮೇಲೆ ಕಣ್ಣಿನ ವಿಷಯ ಹೇಳಿದ, ಡಾಕ್ಟರ ವಿಷಯ ಹೇಳಿದ. “ಈ ವರ್ಷ ಬಿಟ್ರೆ ಮುಂದಿನ ವರ್ಷ ಏನೂ ಕಾಣಲ್ಲ ಅಂದ್ರು. ಅದಕ್ಕೇ ಅವಸರ ಮಾಡ್ದೆ.”

“ಪಾಪಿ, ನಂಗಾದ್ರೂ ಹೇಳ್ಬಾರ್ದಿತ್ತಾ? ನಾನು ಬರ್ತಿರ್ಲಿಲ್ವಾ ನಿಮ್ ಜೊತೆ?”

“ನೀನ್ ಕಾರ್ಲೀನ್‌ಗೆ ಹೇಳ್ತಿದ್ದೆ.”

ಹೌದು, ಹೇಳುತ್ತಿದ್ದೆ.

“ಆ ಹುಡುಗಿ ತನ್ನದೇ ತಪ್ಪು ಅಂತ ತಿಳ್ಕೊಂಡಿದೆ” ಎಂದೆ. “ನೀನು ಹೇಳ್ತೀಯೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಿ.”

ಮರುದಿನ ಬೆಳಿಗ್ಗೆ ಅವನ ಅಡುಗೆಮನೆಯಲ್ಲಿ ಹೇಳಿದ. ಮೊದಲ ರಾತ್ರಿಯೇ ಮಗಳಿಗೆ ಹೊಲಿಗೆ ಹಾಕಿಸಿ ಕರೆತಂದಿದ್ದ ಕಾರ್ಲೀನ್ ಒಲೆಗೆ ಬೆನ್ನು ಕೊಟ್ಟು ನಿಂತಿದ್ದಳು. ಬ್ರಿಟಾಳ ಮುಂದೆ ಪ್ಯಾನ್‌ಕೇಕ್ ಆರುತ್ತಿತ್ತು. ಎಲ್ಡನ್ ಏನನ್ನೂ ಮುಚ್ಚಿಡಲಿಲ್ಲ. ಡಬ್ಬಿಗಳು, ಡುವೇನ್‌ನ ತೋಟೆ, ತನ್ನ ಕಣ್ಣು, ಎಲ್ಲ ಹೇಳಿ, “ನಿನ್ನ ತಪ್ಪು ಒಂದು ಕೂದಲೆಳೆಯಷ್ಟೂ ಇಲ್ಲ ಮಗಾ. ಎಲ್ಲ ನಂದು” ಎಂದ. ಈಗಲಾದರೂ ಮಗುವಿನ ಎದೆಯ ಕಲ್ಲು ಇಳಿಯುತ್ತದೆ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವನೂ ಅದನ್ನೇ ಕಾಯುತ್ತಿದ್ದ, ಪಾಪ, ಓರೆಯಾಗಿ.

ಕಾರ್ಲೀನ್ ಮೊದಲು ಸಿಡಿದಳು. “ತಾತ ಒಬ್ಬ ಮಾಡಿದ್ದು ಸಾಲ್ದಾಗಿತ್ತಾ ಅಪ್ಪಾ? ಅವನು ಗೊತ್ತಿದ್ದೇ ಮಾಡ್ದ. ನೀನು ನಂಬಿಸಿ ಮಾಡ್ದೆ!”

ಬ್ರಿಟಾ ಅಮ್ಮನ ಕಡೆ ತಿರುಗಲಿಲ್ಲ. ಹುಬ್ಬಿನ ಹೊಲಿಗೆ ಮುಟ್ಟಿಕೊಂಡು ಏನೋ ಲೆಕ್ಕ ಹಾಕುತ್ತಿದ್ದಳು.

“ಯಾವಾಗಿಂದ ಕಾಣಲ್ಲ ಅಜ್ಜ?”

“ವಸಂತದಿಂದ್ಲೇ, ಮಗಾ.”

“ಬೇಸಿಗೆಗೆ ಮುಂಚೆನೇ?”

“ಹೂಂ.”

“ಹಾಗಾದ್ರೆ ಬಯಲಲ್ಲಿ ನಾನು ಹೊಡೆದಾಗೆಲ್ಲ ತೆರೆದಿತ್ತು ಅಂದ್ಯಲ್ಲ. ಪ್ರತಿ ಸಲನೂ ಅಂದೆ.” ಅವಳ ಧ್ವನಿ ಸಣ್ಣಗಾಯಿತು. “ನೋಡಿದ್ಯಾ?”

ಎಲ್ಡನ್ ಮೇಜಿನ ಅಂಚನ್ನು ಸವರುತ್ತ ಕೂತ. “ನೀನು ಹೊಡೆದ ಗುಂಡು ಹಲಗೆ ನಡುವೆ ಬೀಳ್ತಿತ್ತು ಅಂತ ನೀನೇ ಹೇಳ್ತಿದ್ದೆ. ಅದಕ್ಕೆ ತೆರೆದೇ ಇರ್ಬೇಕು ಅಂತ...”

“ನೋಡಿದ್ಯಾ ಅಜ್ಜ?”

“ಇಲ್ಲ.”

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ಹೋಗಿ ಅಮ್ಮನ ಕಾರಿನಲ್ಲಿ ಕೂತಳು. ಆ ಒಂದು ಮಾತಿಗಾಗಿ ಬೇಸಿಗೆಯೆಲ್ಲ ಹೊಡೆದ ಮಗು, ಆ ಮಾತೇ ಟೊಳ್ಳೆಂದು ತಿಳಿದ ಮೇಲೆ ಇನ್ನೇನನ್ನು ನಂಬಬೇಕು? ಎಲ್ಕು ಹೋದದ್ದಕ್ಕಿಂತ, ಹುಬ್ಬು ಸೀಳಿದ್ದಕ್ಕಿಂತ ಅದು ಕೆಟ್ಟದಾಗಿ ತಗುಲಿತು ಅವಳಿಗೆ. ಮೊದಲ ಎಲ್ಕಿನ ಬಾಯಲ್ಲಿರುವ, ಆನೆಯ ದಂತದಂಥ ಎರಡು ಹಲ್ಲನ್ನು ಕಿತ್ತು, ತೊಳೆದು, ಮಗುವಿನ ಕೈಗೆ ಕೊಡುವುದು ಈ ಊರಲ್ಲಿ ನನ್ನ ಕೆಲಸ. ಅವಳಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಕುರುಡ ತುಂಬಿದ ತೋಟೆ ಎಂದು ಹೆಸರಿಟ್ಟರು. ಈಗ ಅಪ್ಪ ಅಮ್ಮಂದಿರು ಅಂಗಡಿಯಿಂದ ಮಕ್ಕಳ ತೋಟೆ ಎಂದು ಬರೆದ ಡಬ್ಬಿ ತರುತ್ತಾರೆ; ಮಗುವಿನ ತೋಳು ನೋಡುವವರಿಲ್ಲ, ಕಣ್ಣು ನೋಡುವವರಿಲ್ಲ. ಎಲ್ಡನ್ ಗ್ಯಾರೇಜಿನ ಮೇಜನ್ನು ಬಿಚ್ಚಿ ಹಾಕಿದ. ಆ ಚಳಿಗಾಲ ಅವನು ನಮ್ಮ ಜಗಲಿಗೂ ಬರಲಿಲ್ಲ. ನಾನೇ ಸೂಪು ಒಯ್ದು ಕೊಟ್ಟರೆ, “ಇಡು” ಎನ್ನುತ್ತಿದ್ದ. ಸೂಪಿನ ಪಾತ್ರೆ ಹಾಗೇ ವಾಪಸು ಬರುತ್ತಿತ್ತು.

ಹಿಮ ಕರಗಿದ ಮೇಲೆ ಒಂದು ದಿನ ಗೋಡೆ ಹಿಡಿದುಕೊಂಡು ಬಂದ. “ಒಂದೇ ಒಂದು ಸಲ ಬಯಲಿಗೆ ಬರೋಕ್ಕೆ ಹೇಳು ಅವಳಿಗೆ. ನನ್ನ ಹತ್ರ ಇರೋ ಕೆಂಪು ಚುಕ್ಕೆಯವು ಅವಳೇ ತೂಗಿದ್ದು, ಅವಳೇ ಬಣ್ಣ ಇಟ್ಟಿದ್ದು. ಒದೆಯಲ್ಲ ಅಂತ ಅವಳ ಹೆಗಲಿಗೆ ನೆನಪಾಗ್ಬೇಕು. ಕಣ್ಣು ನೀನು ನೋಡು, ಲವೋನ್. ನೀನು ಸುಳ್ಳು ಹೇಳಲ್ಲ.”

ಕಾರ್ಲೀನ್‌ಳನ್ನು ಒಪ್ಪಿಸಲು ನಾನು ಫೋನಿನಲ್ಲಿ ಗಂಟೆಗಟ್ಟಲೆ ಗೋಗರೆದೆ, ಜಗಳವಾಡಿದೆ. ಕೊನೆಗೆ ಬ್ರಿಟಾಳೇ, “ಅಜ್ಜ ಕೇಳ್ತಿದಾನೆ ಅಂದ್ರೆ ಬರ್ತೀನಿ” ಎಂದಳಂತೆ.

ಅಂದು ಗಾಳಿ ಇರಲಿಲ್ಲ. ಅವಳು ಡಬ್ಬಿ ತೆರೆದು ತೋಟೆಯನ್ನು ಬೆಳಕಿಗೆ ಹಿಡಿದು ಚುಕ್ಕೆ ನೋಡಿದಳು. ಮತ್ತೊಮ್ಮೆ ನೋಡಿದಳು. ಬೆರಳಿನಿಂದ ಉಜ್ಜಿಯೂ ನೋಡಿದಳು. ಆಮೇಲೆ ಕೋವಿಗೆ ತುಂಬಿ ಬೆಂಚಿನ ಮೇಲೆ ಮರಳು ಚೀಲಕ್ಕೆ ಊರಿದಳು. ಮುಖವನ್ನು ದುರ್ಬೀನಿನಿಂದ ಹಿಂದೆ ಇಟ್ಟುಕೊಂಡಿದ್ದಳು, ಅದೊಂದನ್ನು ಕಲಿತಿದ್ದಳು. ನಾನು ಅವಳ ಪಕ್ಕದಲ್ಲಿ, ಎಲ್ಡನ್ ಕೂರುತ್ತಿದ್ದ ಜಾಗದಲ್ಲಿ, ಹಾಳು ಮಂಡಿಗಳನ್ನು ಬಗ್ಗಿಸಿ ಕೂತೆ. ಎಲ್ಡನ್ ಹಿಂದೆ ಕಂಬ ಹಿಡಿದು ನಿಂತಿದ್ದ, ಮುಖ ಗುರಿ ಹಲಗೆಯಿರದ ಕಡೆಗಿತ್ತು.

ಅವಳ ಬೆರಳು ಟ್ರಿಗರಿನ ಮೇಲೆ ಬಿಗಿಯಾಯಿತು. ಈಡು ಹಾರುವ ಮುಂಚೆಯೇ ಕಣ್ಣು ಗಪ್ಪನೆ ಮುಚ್ಚಿತು. ಕಣ್ಣಷ್ಟೇ ಅಲ್ಲ, ಕೆನ್ನೆ, ತುಟಿ, ಹುಬ್ಬಿನ ಮೇಲಿನ ಕೆಂಪು ಗೆರೆ, ಇಡೀ ಮುಖ ಒಳಕ್ಕೆ ಮುದುಡಿಕೊಂಡಿತು. ತೋಟೆ ಅಷ್ಟಾಗಿ ಒದೆಯಲೂ ಇಲ್ಲ.

“ಲವೋನ್?” ಎಂದ ಎಲ್ಡನ್. “ತೆರೆದಿತ್ತಾ?”

ಹೌದು ಎಂದರೆ ಮುದುಕನ ಉಳಿದ ದಿನಗಳಿಗೆ ಒಂದು ಹಿಡಿ ಸಮಾಧಾನ. ಆದರೆ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅದೇ ಸುಳ್ಳನ್ನು ಇನ್ನೊಬ್ಬರ ಬಾಯಿಂದ ಕೇಳಲು ಅವಳು ಅಷ್ಟು ದೂರದಿಂದ ಬಂದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

“ಮುಚ್ಚಿತ್ತು, ಅಜ್ಜ.”

ಎಲ್ಡನ್ ತಲೆಯಾಡಿಸಿದ. ಕಂಬವನ್ನು ಬಿಡಲಿಲ್ಲ. ಬ್ರಿಟಾ ಕೋವಿ ಖಾಲಿ ಮಾಡಿ, ಚೀಲಕ್ಕೆ ಹಾಕಿ ಜಿಪ್ ಎಳೆದು ನನ್ನ ಕೈಗೆ ಕೊಟ್ಟಳು. ಉಳಿದ ಕೆಂಪು ಚುಕ್ಕೆಯ ತೋಟೆಗಳ ಡಬ್ಬಿಯನ್ನು ಬೆಂಚಿನ ಮೇಲೆಯೇ ಬಿಟ್ಟಳು. ಆಮೇಲೆ ಅಜ್ಜನ ಮೊಣಕೈ ಹಿಡಿದು, “ಮುಂದೆ ಒಂದ್ ಮೆಟ್ಟಿಲಿದೆ, ನಿಧಾನ” ಎಂದು ಗಾಡಿಯ ಕಡೆಗೆ ನಡೆಸಿಕೊಂಡು ಹೋದಳು.